ಅತ್ತೆಗೆ ಒಪ್ಪುವ ಕುರ್ಚಿ

ಮೊಸರಿನಲ್ಲಿ ಕಲ್ಲು ಹುಡುಕುವವರು ಪ್ರತಿ ಮನೆತನದಲ್ಲೂ ಒಬ್ಬರಾದರೂ ಇದ್ದೇ ಇರುತ್ತಾರೆ. ಆದರೆ ಅದಕ್ಕೆ ತಿಂಗಳ ಸಂಬಳವನ್ನೂ ಪಡೆದು, ನಿವೃತ್ತಿಯ ದಿನ ಉಡುಗೊರೆಯನ್ನೂ ಹೊಡೆದುಕೊಂಡು ಬಂದವರು ಹಲ್ಲುಗಾರನ ಸೋದರತ್ತೆ ಒಬ್ಬರೇ ಇರಬೇಕು. ಅವರು ಬಟ್ಟೆ ಗಿರಣಿಯಲ್ಲಿ ದುಡಿದವರು. ನೇಯ್ದು ಬಂದ ಬಟ್ಟೆಯ ಥಾನನ್ನು ಬೆಳಕಿಗೆ ಹಿಡಿದು, ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಗಂಟು ಬಿದ್ದಿದೆ ಎಂದು ಹುಡುಕಿ ಸೀಮೆಸುಣ್ಣದಲ್ಲಿ ಗುರುತು ಹಾಕುವುದೇ ಅವರ ಕೆಲಸವಾಗಿತ್ತು. ಅವರು ಗಿರಣಿ ಬಿಟ್ಟರೂ ಸೀಮೆಸುಣ್ಣ ಬಿಡಲಿಲ್ಲ ಎಂದು ನೆಂಟರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಎದುರಿಗೆ ಆಡಿಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ.

ಹಲ್ಲುಗಾರ ಎಂದರೆ ಹಲ್ಲಿನ ಡಾಕ್ಟರಲ್ಲ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಹಿಂದಿನ ಕೋಣೆಯಲ್ಲಿ ಕುಳಿತ ಇವನು ಆ ಪ್ಲಾಸ್ಟರ್ ಅಚ್ಚಿನ ಮೇಲೆ ಹಲ್ಲಿನ ಸೆಟ್ಟು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ಮುಂದಿನ ಕೋಣೆಗೆ ದಾಟಿಸುತ್ತಾನೆ. ಕೈಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಅವನಿಗೆ ಗೊತ್ತಿದ್ದದ್ದು ಬಾಯಿಯ ಅಚ್ಚೇ ಹೊರತು ಬಾಯಿಯಲ್ಲ. ಅಚ್ಚಿಗೆ ನೋವಾಗುವುದಿಲ್ಲ, ಅಚ್ಚು ಬಂದು ದೂರು ಹೇಳುವುದೂ ಇಲ್ಲ. ಹಾಗಾಗಿ ತಾನು ಮಾಡಿದ ಹಲ್ಲಿನ ಬಗ್ಗೆ ಇಷ್ಟು ವರ್ಷಗಳಲ್ಲಿ ಒಂದು ನರಪಿಳ್ಳೆಯೂ ತಕರಾರು ತೆಗೆದಿಲ್ಲ ಎಂಬ ಹೆಮ್ಮೆ ಅವನಲ್ಲಿ ಸದ್ದಿಲ್ಲದೆ ಬೆಳೆದುಬಿಟ್ಟಿತ್ತು.

ತಾಯಿ ಇಲ್ಲದ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದು ಈ ಅತ್ತೆಯೇ. ಭಾನುವಾರ ಬಂತೆಂದರೆ ಅತ್ತೆ, ಅಳಿಯ ಇಬ್ಬರೂ ಹೊತ್ತೇರಿದ ಮೇಲೆ ಪೇಟೆಯ ಯಾವುದಾದರೂ ಹೋಟೆಲಿಗೆ ಹೋಗುವುದು ಎಷ್ಟೋ ಕಾಲದ ರೂಢಿ. ಅತ್ತೆ ಎಲ್ಲವನ್ನೂ ಬೈಯುತ್ತಿದ್ದರು. ಮೊಟ್ಟೆ ಬೆಂದದ್ದು ಹೆಚ್ಚಾಯಿತು, ಸೂಪು ನೀರಾಯಿತು, ಈ ಆಲೂಗಡ್ಡೆ ಹುರಿದವನಿಗೆ ಎಲ್ಲಿಗೋ ಬಸ್ಸು ಹಿಡಿಯುವುದಿತ್ತು ಅಂತ ಕಾಣುತ್ತದೆ. ಹೀಗೆ ಬೈಯುತ್ತಲೇ ತಿನ್ನುತ್ತಿದ್ದರು, ತಿನ್ನುತ್ತಲೇ ಬೈಯುತ್ತಿದ್ದರು. ಕೊನೆಗೆ ತಟ್ಟೆಯನ್ನು ತೊಳೆಯುವ ಅಗತ್ಯವೇ ಇರದಂತೆ ಖಾಲಿ ಮಾಡಿ ಏಳುತ್ತಿದ್ದರು. ಅಡುಗೆಯವರು ಅವರಿಗೆ ಹೆದರುತ್ತಿದ್ದರು, ಆದರೆ ಅವರ ತಟ್ಟೆ ನೋಡಿ ಸಮಾಧಾನಪಟ್ಟುಕೊಳ್ಳುತ್ತಿದ್ದರು.

ಕೂದಲು ನೆರೆಯಲು ಶುರುವಾದ ಮೇಲೆ ಹಲ್ಲುಗಾರನಿಗೆ ಮದುವೆಯಾಯಿತು. ಹುಡುಗಿ ಎನ್ನುವ ವಯಸ್ಸು ಅವಳಿಗೂ ದಾಟಿತ್ತು. ಪೇಟೆಯ ದೊಡ್ಡ ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳ ಕಾಲಿಗೆ ಬೂಟು ತೊಡಿಸಿ ನೋಡುವ ಕೆಲಸ ಅವಳದು. ನಗುಮುಖ, ನೇರ ಮಾತು. ಇದ್ದಬದ್ದ ಹಲ್ಲೂ ಆ ವರ್ಷ ಉದುರಿಹೋಗಿದ್ದ ಅತ್ತೆ ಮದುವೆಯ ಫೋಟೋದಲ್ಲಿ ಬಾಯಿ ಮುಚ್ಚಿಕೊಂಡು ನಿಲ್ಲಬಾರದು ಎಂದು ಹಲ್ಲುಗಾರ ಅದೇ ವಾರ ಅವರಿಗೊಂದು ಹೊಸ ಹಲ್ಲಿನ ಸೆಟ್ಟು ಮಾಡಿಕೊಟ್ಟ. ಡಾಕ್ಟರ ಹಂಗೇಕೆ ಎಂದು ತಾನೇ ಅಡುಗೆಮನೆಯ ಮೇಜಿನ ಪಕ್ಕ ಅತ್ತೆಯನ್ನು ಕೂರಿಸಿ ಅಚ್ಚು ತೆಗೆದ. ಅತ್ತೆಯ ಯೌವನದ ಫೋಟೋ ಎದುರಿಗಿಟ್ಟುಕೊಂಡು ಒಂದೊಂದು ಹಲ್ಲನ್ನೂ ಆರಿಸಿ ಜೋಡಿಸಿದ. ಅವನ ಕೈಯಿಂದ ಅಂಥ ಹಲ್ಲು ಅದಕ್ಕೆ ಮೊದಲು ಬಂದಿರಲಿಲ್ಲ. ಮದುವೆಯ ಫೋಟೋದಲ್ಲಿ ಮದುಮಗಳಿಗಿಂತ ಅತ್ತೆಯೇ ಹೆಚ್ಚು ಹೊಳೆಯುತ್ತಿದ್ದರು.

ಮದುವೆಯಾಯಿತು, ಹಲ್ಲುಗಾರ ಎರಡು ಬೀದಿ ಆಚೆ ಬೇರೆ ಮನೆ ಮಾಡಿದ, ಭಾನುವಾರದ ಊಟಕ್ಕೆ ಇಬ್ಬರಿದ್ದವರು ಮೂವರಾದರು. ಅಲ್ಲಿಂದ ಕೆಟ್ಟಿತು ಕಾಲ.

ಮೊದಲ ಭಾನುವಾರ ಅತ್ತೆ ಕುರ್ಚಿ ತಗ್ಗಾಯಿತು ಎಂದು ಎದ್ದರು. ಇನ್ನೊಂದು ಭಾನುವಾರ ಹಾಡಿನ ಗಲಾಟೆಗೆ ತಲೆ ಸಿಡಿಯುತ್ತದೆ ಎಂದು ಎದ್ದರು. ಆಮೇಲಿನ ಹೋಟೆಲಿನಲ್ಲಿ ದೀಪ ಕಣ್ಣಿಗೆ ಕುಕ್ಕುತ್ತದೆ, ಅದರಾಚೆಯದರಲ್ಲಿ ಮೇಜು ಅಲ್ಲಾಡುತ್ತದೆ. ತಟ್ಟೆ ಮೇಜಿಗೆ ಬರುವ ಹೊತ್ತಿಗೆ ಅತ್ತೆ ಬಾಗಿಲ ಹತ್ತಿರ ಇರುತ್ತಿದ್ದರು. ಸೊಸೆ ಏನು ಕೇಳಿದರೂ ಒಂದು “ಹೂಂ”. ಆರೋಗ್ಯವೇ ಎಂದರೆ “ಹೂಂ”, ನೀರು ಕೊಡಲೇ ಎಂದರೆ “ಹೂಂ”. ಗಂಟೆಗಟ್ಟಲೆ ಬೈಯಬಲ್ಲ ಹೆಂಗಸು ತುಟಿ ಬಿಗಿದು ಹೂಂಗುಟ್ಟಿದರೆ ಯಾರಿಗಾದರೂ ಏನನ್ನಿಸಬೇಕು? ನೆಂಟರಂತೂ ತೀರ್ಪು ಕೊಟ್ಟೇಬಿಟ್ಟರು. ಇಷ್ಟು ದಿನ ಇಲ್ಲದ್ದು ಈಗ ಯಾಕೆ ಬಂತು? ಮದುವೆಯಾದ ಮೇಲೆ ತಾನೇ? ಹೊಸದಾಗಿ ಬಂದದ್ದು ಯಾರು, ಸೊಸೆ ತಾನೇ? ಸೊಸೆ ಗಂಟಲಲ್ಲಿ ಇಳಿಯುತ್ತಿಲ್ಲ, ಅದಕ್ಕೇ ಊಟವೂ ಇಳಿಯುತ್ತಿಲ್ಲ.

ಈ ಮಾತು ಸೊಸೆಯ ಕಿವಿಗೂ ಬಿತ್ತು. ಶುಕ್ರವಾರ ಸಂಜೆ ಅಂಗಡಿಯಿಂದ ಬಂದವಳು ಬೂಟು ಬಿಚ್ಚುತ್ತ ಗಂಡನಿಗೆ ಹೇಳಿದಳು.

“ರೀ, ಈ ಭಾನುವಾರ ಒಂದು ಸಲ ಬರ್ತೀನಿ. ಈ ಸಲಾನೂ ಅವರು ಅರ್ಧಕ್ಕೆ ಎದ್ದು ಹೋದ್ರೆ, ಇನ್ಮೇಲೆ ನೀವಿಬ್ಬರೇ ಹೋಗಿ. ನಾನು ಆ ಮೇಜಿಗೂ ಬರಲ್ಲ, ಆ ಮನೆಗೂ ಬರಲ್ಲ. ಜಗಳ ಏನಿಲ್ಲ. ಅವರ ಊಟಕ್ಕೆ ನಾನು ಯಾಕೆ ಕಲ್ಲು ಹಾಕಲಿ.”

“ಅತ್ತೆ ಹಾಗಲ್ಲ ಕಣೇ. ಅವರಿಗೆ ಎಲ್ಲದರಲ್ಲೂ ಸ್ವಲ್ಪ ಕೊಂಕು.”

“ಎಲ್ಲದರಲ್ಲೂ ಕೊಂಕು ತೆಗೀತಾರೆ, ನನ್ನಲ್ಲಿ ಒಂದೂ ತೆಗೆದಿಲ್ಲ. ನಾನು ಅವರ ಲೆಕ್ಕಕ್ಕೇ ಇಲ್ಲ ಅಂತ ತಾನೇ ಅರ್ಥ?”

ಹಲ್ಲುಗಾರ ನಡುವೆ ಸಿಕ್ಕಿಕೊಂಡ. ಒಂದು ಕಡೆ ಸಾಕಿದವರು, ಇನ್ನೊಂದು ಕಡೆ ಕೈ ಹಿಡಿದವಳು. ಉಗುಳಲೂ ಆಗದ, ನುಂಗಲೂ ಆಗದ ಬಿಸಿ ತುಪ್ಪ. ಅವನು ರಾತ್ರಿಯ ಊಟವನ್ನೂ ಸರಿಯಾಗಿ ಮಾಡದೆ ಯೋಚಿಸಿ ಒಂದು ತೀರ್ಮಾನಕ್ಕೆ ಬಂದ. ಅತ್ತೆಗೆ ತಪ್ಪು ಸಿಗದಂಥ ಹೋಟೆಲು ಹುಡುಕಬೇಕು. ತಪ್ಪು ಸಿಗದಿದ್ದರೆ ಏಳುವುದು ಹೇಗೆ? ಎದ್ದೇಳದಿದ್ದರೆ ತಿನ್ನಲೇಬೇಕು. ಅಚ್ಚಿನ ಮೇಲೆ ಕೆಲಸ ಮಾಡಿ ಅಭ್ಯಾಸವಾದವನು ಅವನು. ಮನುಷ್ಯರ ಮನಸ್ಸನ್ನೂ ಅಳತೆ ತೆಗೆದು ಸರಿಪಡಿಸಬಹುದೆಂದು ನಂಬಿದ್ದ.

ಶನಿವಾರ ಮಧ್ಯಾಹ್ನ ಜೇಬಿನಲ್ಲಿ ಅಳತೆಯ ಟೇಪು ಇಟ್ಟುಕೊಂಡು ಹೊರಟ. ಅತ್ತೆಯ ಮನೆಯ ಕುರ್ಚಿಯ ಎತ್ತರವನ್ನು ಆಗಲೇ ಅಳೆದುಕೊಂಡಿದ್ದ. ಎರಡು ಕಡೆ ಕುರ್ಚಿಯ ಕೆಳಗೆ ಬಗ್ಗಿದ್ದಕ್ಕೆ ವೇಟರುಗಳು ಅನುಮಾನದಿಂದ ನೋಡಿದರು. ಇನ್ನೊಂದು ಕಡೆ ಪಕ್ಕದ ಮೇಜಿನ ಹೆಂಗಸು ತನ್ನ ಕೈಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಕೊನೆಗೆ ಹಳೆಯ ಗೋದಾಮೊಂದನ್ನು ಚೊಕ್ಕಟ ಮಾಡಿ ತೆರೆದಿದ್ದ ಹೋಟೆಲು ಸಿಕ್ಕಿತು. ಬಾಗಿಲಲ್ಲಿ ಕಪ್ಪು ಹಲಗೆಯ ಮೇಲೆ ‘ವಾರಾಂತ್ಯದ ಬ್ರಂಚ್’ ಎಂದು ಬರೆದಿತ್ತು. ತಡವಾಗಿ ಎದ್ದವರು ನಾಚಿಕೆ ಮುಚ್ಚಿಕೊಳ್ಳಲು ಕಂಡುಹಿಡಿದ ಊಟ ಅದು ಎಂಬುದು ಅತ್ತೆಯ ಅಭಿಪ್ರಾಯ. ಆದರೂ ಹೊತ್ತು ಸರಿಹೊಂದುತ್ತಿತ್ತು.

ಹಲ್ಲುಗಾರ ಒಳಗೆ ಹೋಗಿ ಕುರ್ಚಿ ಅಳೆದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮೇಜು ಅಲ್ಲಾಡಿಸಿ ನೋಡಿದ. ದೀಪದ ಕೆಳಗೆ ನಿಂತು ಕಣ್ಣು ಕಿರಿದು ಮಾಡಿದ, ಅಗಲ ಮಾಡಿದ. ಗೋಡೆಯ ಸ್ಪೀಕರಿಗೆ ಕಿವಿ ಕೊಟ್ಟ. ಅಷ್ಟರಲ್ಲಿ ಮ್ಯಾನೇಜರ್ ಕೈ ಹೊಸೆಯುತ್ತ ಬಂದು ನಿಂತಿದ್ದ.

“ಸಾರ್, ತಾವು ತಪಾಸಣೆಗೆ ಬಂದಿದ್ದೀರಾ?”

“ನಾಳೆ ನಮ್ಮ ಅತ್ತೆಯವರು ಬರ್ತಾರೆ. ಅವರು ಸ್ವಲ್ಪ ಕಟ್ಟುನಿಟ್ಟು.”

“ನಿಮಗಿಂತಾನಾ ಸಾರ್?”

“ನಾನು ಏನೂ ಅಲ್ಲ. ಅವರು ತಪ್ಪು ಹಿಡಿಯೋದರಲ್ಲೇ ಸರ್ವೀಸ್ ಮುಗಿಸಿದವರು.”

ಮ್ಯಾನೇಜರ್ ಎಂಜಲು ನುಂಗಿದ. ಅವನು ತನ್ನನ್ನು ತಪಾಸಣೆಯ ಅಧಿಕಾರಿ ಎಂದು ತಿಳಿದುಕೊಂಡಿದ್ದಾನೆ ಎಂಬುದು ಹಲ್ಲುಗಾರನಿಗೆ ಹೊಳೆದದ್ದು ಬಿಟ್ಟಿ ಕಾಫಿ ಬಂದ ಮೇಲೆ. ತಿದ್ದಬೇಕೆಂದು ಬಾಯಿ ತೆರೆದ. ಕಾಫಿ ಚೆನ್ನಾಗಿತ್ತು, ಬಾಯಿ ಮುಚ್ಚಿಕೊಂಡ. ಹಾಡು ನಿಲ್ಲಿಸಬೇಕು, ಮೂಲೆಯ ಮೇಜೇ ಬೇಕು, ಮೇಲಿನ ದೀಪ ಆರಿಸಬೇಕು ಎಂದ. ಎಲ್ಲಕ್ಕೂ ತಲೆ ಬಾಗಿತು. “ನಮ್ಮಲ್ಲಿ ವಿಶೇಷ ಅಂದ್ರೆ, ಇಟ್ಟಿಗೆ ಒಲೆಯಲ್ಲಿ ಸುಟ್ಟ ಗಟ್ಟಿ ಬ್ರೆಡ್ಡು ಸಾರ್. ಮೇಲಿನ ಪದರ ಮುರಿದರೆ ಆಚೆ ಬೀದಿಗೆ ಕೇಳಬೇಕು” ಎಂದು ಮ್ಯಾನೇಜರ್ ಹೇಳಿದ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತಾರೆ. ನಮ್ಮ ಅತ್ತೆಗೆ ಎರಡೂ ಇದೆ ಎಂದುಕೊಂಡು ಹಲ್ಲುಗಾರ ಖುಷಿಯಾಗಿ ಮನೆಗೆ ಬಂದ.

ಭಾನುವಾರ ಮೂವರೂ ಬಂದಾಗ ಮ್ಯಾನೇಜರ್ ಬಾಗಿಲಲ್ಲೇ ಕಾಯುತ್ತಿದ್ದ. ಅತ್ತೆ ಮೂಲೆಯ ಕುರ್ಚಿಯಲ್ಲಿ ಕುಳಿತರು. ಪಾದ ನೆಲಕ್ಕೆ ಸರಿಯಾಗಿ ಊರಿತು. ಅವರ ಮುಖದಲ್ಲಿ ಸಣ್ಣ ನಿರಾಸೆ ಹಾದುಹೋಯಿತು. ಸ್ಪೀಕರಿನ ಕಡೆ ನೋಡಿದರು, ಸದ್ದಿಲ್ಲ. ಮೇಲೆ ನೋಡಿದರು, ದೀಪವಿಲ್ಲ. ಮೇಜಿನ ಅಂಚು ಹಿಡಿದು ಅಲ್ಲಾಡಿಸಿದರು, ಬಂಡೆ. ಆಮೇಲೆ ಮೇಜಿನ ಬಟ್ಟೆಯ ತುದಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಮ್ಯಾನೇಜರನ ಮುಖ ಬಿಳಿಚಿಕೊಂಡಿತು.

“ಇಲ್ಲಿ ಎರಡು ಎಳೆ ಬಿಟ್ಟಿದೆ” ಎಂದರು ಅತ್ತೆ, ತುಟಿ ಹೆಚ್ಚು ಅಲುಗದಂತೆ.

ಬಟ್ಟೆ ಬದಲಾಯಿತು. ಹೊಸದನ್ನೂ ಎತ್ತಿ ನೋಡಿದರು. ಅದರಲ್ಲಿ ಏನೂ ಸಿಗಲಿಲ್ಲ. ಹಲ್ಲುಗಾರ ಮೇಜಿನ ಕೆಳಗೆ ಹೆಂಡತಿಯ ಕೈ ಒತ್ತಿದ. ಗೆದ್ದೆವು ಎಂದು ಅದರ ಅರ್ಥ. ಅವಳು ಕೈ ಒತ್ತಲಿಲ್ಲ. ಅವಳು ಅತ್ತೆಯನ್ನೇ ನೋಡುತ್ತಿದ್ದಳು.

ಊಟ ಬಂತು. ಅತ್ತೆ ಇನ್ನೂ ಕುರ್ಚಿಯಲ್ಲೇ ಇದ್ದರು. ಮದುವೆಯಾದ ಮೇಲೆ ಇದು ಮೊದಲು. ಬುಟ್ಟಿಯಲ್ಲಿ ಹೊಗೆಯಾಡುವ ಬ್ರೆಡ್ಡು, ಸಿಪ್ಪೆಸಹಿತ ಹುರಿದ ಆಲೂಗಡ್ಡೆ, ಬಾದಾಮಿ ತುಂಬಿದ ಕೇಕು, ಹೋಳು ಮಾಡಿದ ಹಸಿರು ಸೇಬು. ಅಧಿಕಾರಿಗಳೆಂದುಕೊಂಡು ಮ್ಯಾನೇಜರ್ ಅಡುಗೆಮನೆಯ ವಿಶೇಷಗಳನ್ನೆಲ್ಲ ತಂದು ಸುರಿದಿದ್ದ. ಒಂದೊಂದೂ ಗಟ್ಟಿ.

“ತಗೋ ಅತ್ತೆ” ಎಂದು ಹಲ್ಲುಗಾರ ಬ್ರೆಡ್ಡಿನ ತುದಿಯನ್ನೇ ಮುರಿದು ಕೊಟ್ಟ. ಆ ತುದಿ ನಿಜಕ್ಕೂ ಆಚೆ ಬೀದಿಗೆ ಕೇಳುವ ಹಾಗೆ ಮುರಿಯಿತು. “ಅಗಿದು ತಿನ್ನು. ನಿನ್ನ ಹಲ್ಲಿಗೆ ಕಲ್ಲಾದರೂ ಸೈ. ನಾನು ಮಾಡಿದ್ದು ತಾನೇ.”

ಅತ್ತೆ ಅವನ ಮುಖ ನೋಡಿದರು. ತುದಿಯನ್ನು ಬಾಯಿಗಿಟ್ಟುಕೊಂಡರು. ಒಮ್ಮೆ ಅಗಿದರು. ಅಲ್ಲಿಗೆ ದವಡೆ ನಿಂತಿತು. ಕೆನ್ನೆಯೊಳಗೆ ಬ್ರೆಡ್ಡನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದರು, ಚೀಪಿದರು, ನೀರು ಕುಡಿದರು. ಕಣ್ಣಂಚಿನಲ್ಲಿ ನೀರು ಬಂತು.

“ಬಾಗಿಲ ಕಡೆಯಿಂದ ಗಾಳಿ ಬರ್ತಿದೆ ಕಣೋ” ಎಂದರು. ಬಾಗಿಲು ಮುಚ್ಚಿತ್ತು. “ನನಗೆ ಗಾಳಿ ಆಗಲ್ಲ. ನೀವು ತಿನ್ನಿ, ನಾನು ಬರ್ತೀನಿ.”

ಅವರು ಮೇಜು ಹಿಡಿದು ಏಳುತ್ತಿದ್ದಂತೆ ಹೆಂಡತಿಯೂ ಎದ್ದಳು. ಮುಗಿಯಿತು ಎಂದುಕೊಂಡ ಹಲ್ಲುಗಾರ. ಈಕೆ ಈಗ ಎಡಕ್ಕೆ ಹೋಗುತ್ತಾಳೆ, ಅತ್ತೆ ಬಲಕ್ಕೆ ಹೋಗುತ್ತಾರೆ, ನಡುವೆ ತಾನು ಸಾಯುವ ತನಕ ಬ್ರೆಡ್ಡಿನ ಬುಟ್ಟಿಯ ಹಾಗೆ ಕೂತಿರಬೇಕು. ಆದರೆ ಹೆಂಡತಿ ಎಡಕ್ಕೂ ಹೋಗಲಿಲ್ಲ, ಬಾಗಿಲಿಗೂ ಹೋಗಲಿಲ್ಲ. ಮೇಜು ಸುತ್ತಿ ಬಂದು ಅತ್ತೆಯ ಪಕ್ಕದ ಕುರ್ಚಿ ಎಳೆದು ಕುಳಿತು, ಅವರ ತೋಳು ಹಿಡಿದು ಕೂರಿಸಿಕೊಂಡಳು.

“ಅತ್ತೆ, ಎಲ್ಲಿ ಒತ್ತುತ್ತೆ?”

ದಿನಕ್ಕೆ ಎಷ್ಟೋ ಸಲ ಅಂಗಡಿಯಲ್ಲಿ ಕೇಳುವ ಪ್ರಶ್ನೆ ಅದು. ಚಪ್ಪಲಿಯಿಂದ ಕಚ್ಚಿಸಿಕೊಂಡವರು ಚಪ್ಪಲಿಯನ್ನು ಬೈಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು, ಅದರಲ್ಲೂ ಕೊಡಿಸಿದವರು ಪಕ್ಕದಲ್ಲೇ ನಿಂತಿದ್ದರೆ. ಅಂಗಡಿಯ ನೆಲ ಸರಿಯಿಲ್ಲ ಅನ್ನುತ್ತಾರೆ, ಸೆಖೆ ಅನ್ನುತ್ತಾರೆ, ಬಸ್ಸಿಗೆ ಹೊತ್ತಾಯಿತು ಅನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದದ್ದನ್ನು ಎಲ್ಲರೂ ಕೇಳುತ್ತಾರೆ. ಅವಳ ಕಾಲಲ್ಲಿ ಏನಿದೆ ಎಂದು ಯಾರೂ ಬಗ್ಗಿ ನೋಡುವುದಿಲ್ಲ.

ಅತ್ತೆ ಅಳಿಯನ ಕಡೆ ಒಮ್ಮೆ ನೋಡಿದರು. ಆಮೇಲೆ ಸೊಸೆಯ ಕಡೆ ಬಾಗಿ ಹೇಳಿದರು.

“ಎಡಗಡೆ. ಕೆಳಗೆ. ಬಲಗಡೆ ಮೇಲೂ.” ಆಮೇಲೆ ಮತ್ತೂ ಮೆಲ್ಲಗೆ, “ಅವನಿಗೆ ಹೇಳಬೇಡಮ್ಮ.”

ಅವನು ಬ್ರೆಡ್ಡಿನ ಬುಟ್ಟಿಯಾಚೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಕೂತಿದ್ದ.

“ಅತ್ತೆ, ಹಲ್ಲು ಒತ್ತುತ್ತಾ?” ಎಂದ. ಅವನ ಧ್ವನಿ ಅವನಿಗೇ ಬೇರೆಯವರದ್ದಂತೆ ಕೇಳಿತು. “ಯಾಕೆ ಹೇಳಲಿಲ್ಲ?”

“ಹೊಸದರಲ್ಲಿ ಎಲ್ಲ ಹಾಗೇ ಇರುತ್ತೆ ಅಂದ್ಕೊಂಡೆ.”

“ಇಷ್ಟು ದಿನ ಏನು ತಿಂತಿದ್ದೆ?”

“ಮನೇಲಿ ತೆಗೆದಿಟ್ಟು ಗಂಜಿ ಕುಡೀತೀನಿ. ನೀನು ಬರೋ ಸದ್ದಾದ್ರೆ ಹಾಕ್ಕೋತೀನಿ.”

ಹೊಸ ಹಲ್ಲು ಒತ್ತಿದರೆ ಜನ ಡಾಕ್ಟರ ಹತ್ತಿರ ಹೋಗುತ್ತಾರೆ. ಡಾಕ್ಟರು ಹುಣ್ಣಾದ ಜಾಗ ನೋಡಿ, ಅಲ್ಲಿಗೆ ತಾಕುವ ಅಂಚನ್ನು ಉಜ್ಜಿ, ಮತ್ತೆ ಬರಹೇಳಿ, ಮತ್ತೆ ಉಜ್ಜಿ ಸರಿಮಾಡುತ್ತಾರೆ. ಇದು ಹಲ್ಲುಗಾರನಿಗೆ ತಿಳಿಯದ ಸಂಗತಿಯೇನಲ್ಲ. ಬೇರೆಯವರು ಮಾಡಿದ ಹಲ್ಲಿಗೆ ಅದೆಲ್ಲ ಬೇಕಾಗುತ್ತದೆ ಎಂದುಕೊಂಡಿದ್ದ. ತನ್ನ ಕೈಯಿಂದ ದಾಟಿಹೋದ ಹಲ್ಲುಗಳೂ ಮುಂದಿನ ಕೋಣೆಯಲ್ಲಿ ಹಾಗೇ ಉಜ್ಜಿಸಿಕೊಂಡು ಹೋಗಿರಬಹುದು ಎಂಬ ಯೋಚನೆ ಅವನಿಗೆ ಬಂದದ್ದು ಈಗ, ಈ ಮೇಜಿನ ಮುಂದೆ. ಅವನು ಡಾಕ್ಟರನ್ನು ಬಿಟ್ಟು ತಾನೇ ಮಾಡಿದ ಒಂದೇ ಒಂದು ಹಲ್ಲಿನ ಸೆಟ್ಟು ಅದು, ಮತ್ತು ತನ್ನನ್ನು ಸಾಕಿದವಳ ಬಾಯಿಗೇ ಅದನ್ನು ಇಟ್ಟಿದ್ದ.

“ಒಂದು ಮಾತು ಹೇಳಬಾರದಾ ಅತ್ತೆ? ಸೂಪಿಗೆ ಉಪ್ಪು ಕಮ್ಮಿಯಾದ್ರೆ ಅಡುಗೆಯವನನ್ನ ಕರೆಸಿ ಹೇಳ್ತೀಯ.”

“ಅಡುಗೆಯವನು ನನಗೇನಾಗಬೇಕು?” ಎಂದರು ಅತ್ತೆ. “ನೀನು ಫೋಟೋ ಮುಂದಿಟ್ಟುಕೊಂಡು ಅಷ್ಟು ಆಸೆಯಿಂದ ಮಾಡಿದ್ದೆ. ಹೇಗೆ ಹೇಳಲಿ?”

ಹಲ್ಲುಗಾರ ತಲೆ ತಗ್ಗಿಸಿದ. ಲೋಕದಲ್ಲಿ ಯಾರನ್ನೂ ಬಿಡದ ಆ ನಾಲಿಗೆ ತನ್ನೊಬ್ಬನನ್ನು ಬಿಟ್ಟಿತ್ತು. ಅವನ ಕೆಲಸದಲ್ಲಿ ತಪ್ಪಿದೆ ಎಂದು ಹೇಳಲಾರದೆ ಅತ್ತೆ ಊರಿನ ಕುರ್ಚಿ, ದೀಪ, ಗಾಳಿಯ ಮೇಲೆಲ್ಲ ತಪ್ಪು ಹೊರಿಸಿ, ಹಸಿದುಕೊಂಡು ಮನೆಗೆ ಹೋಗಿದ್ದರು. ಅವನಿಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೇ ಎಂಥದೋ ಸಂತೋಷವೂ ಆಯಿತು, ಅದಕ್ಕೂ ನಾಚಿಕೆಯಾಯಿತು.

“ಮೊದಲು ತೆಗೆದುಬಿಡಿ ಅತ್ತೆ” ಎಂದಳು ಹೆಂಡತಿ.

“ಇಲ್ಲೇನಾ? ನಿನ್ನ ಎದುರಿಗಾ?”

“ನನ್ನ ಎದುರಿಗೆ ದಿನಾ ಜನ ಕಾಲ್ಚೀಲ ಬಿಚ್ತಾರೆ. ಅದರ ಮುಂದೆ ಇದೇನು ಮಹಾ.”

ಅತ್ತೆಗೆ ನಗು ಬಂತು. ಗೋಡೆಯ ಕಡೆ ತಿರುಗಿ ಹಲ್ಲು ತೆಗೆದು ಕರವಸ್ತ್ರದಲ್ಲಿ ಸುತ್ತಿದರು. ಕೆನ್ನೆ ಒಳಗೆ ಹೋಯಿತು, ವಯಸ್ಸು ಒಮ್ಮೆಲೇ ಏರಿತು, ಮುಖ ಮಾತ್ರ ಹಗುರಾಯಿತು. ಅಷ್ಟು ಹೊತ್ತೂ ಕಂಬದ ಹಿಂದೆ ನಿಂತಿದ್ದ ಮ್ಯಾನೇಜರ್ ಏನು ತಪ್ಪಾಯಿತೋ ಎಂದು ಓಡಿ ಬಂದ. ಅತ್ತೆ ಸೂಪು ತರಹೇಳಿದರು, ಮೆತ್ತಗೆ ಬೇಯಿಸಿದ ಮೊಟ್ಟೆ ತರಹೇಳಿದರು, ಬ್ರೆಡ್ಡಿನ ಒಳಗಿನ ತಿರುಳು ಸಾಕು, ಮೇಲಿನ ಇಟ್ಟಿಗೆ ನಿಮ್ಮ ಒಲೆಗೇ ಇರಲಿ ಎಂದರು. ಎಲ್ಲ ಬಂತು. ಅತ್ತೆ ತಿಂದರು. ಸೂಪಿಗೆ ಮೆಣಸು ಹೆಚ್ಚಾಯಿತು, ಮೊಟ್ಟೆ ಇನ್ನೂ ಸ್ವಲ್ಪ ಹೊತ್ತು ನೀರಲ್ಲಿ ಇರಬೇಕಿತ್ತು, ಬಟ್ಟಲು ಬಿಸಿ ಮಾಡದೆ ಸೂಪು ಬಡಿಸುವುದು ಯಾವ ಊರಿನ ಪದ್ಧತಿ ಎಂದು ಬೈದರು. ಕೊನೆಗೂ ಒಂದು ಖಚಿತವಾದ ತಪ್ಪು ಸಿಕ್ಕಿತಲ್ಲ ಎಂದು ಮ್ಯಾನೇಜರನ ಮುಖ ಅರಳಿತು. ಬಟ್ಟಲು ಬಿಸಿ ಮಾಡಲು ಓಡಿದ.

“ನಿಮಗೆ ನಾನು ಹಿಡಿಸಲಿಲ್ಲ ಅಂದ್ಕೊಂಡಿದ್ದೆ” ಎಂದಳು ಹೆಂಡತಿ. ಹೇಳಬಾರದೆಂದುಕೊಂಡಿದ್ದಳೇನೋ, ಬಾಯಿಗೆ ಬಂದುಬಿಟ್ಟಿತು. “ಏನು ಕೇಳಿದ್ರೂ ಹೂಂ ಅಂತಿದ್ರಿ.”

“ಬಾಯಿ ತೆಗೆದ್ರೆ ಕೆಳಗಿನದು ಎದ್ದು ಬರ್ತಿತ್ತಮ್ಮ. ಹೊಸ ಸೊಸೆ ತಟ್ಟೆಗೆ ನನ್ನ ಹಲ್ಲು ಬಿದ್ದರೆ ಏನು ಮರ್ಯಾದೆ? ಅದಕ್ಕೇ ಮುಚ್ಚಿಕೊಂಡಿದ್ದೆ.” ಹಲ್ಲಿಲ್ಲದ ಮಾತು ಅಲ್ಲಲ್ಲಿ ಜಾರುತ್ತಿತ್ತು. ಸೊಸೆಗೆ ಅದು ಅರ್ಥವಾಗುತ್ತಿತ್ತು. “ನಿನ್ನನ್ನ ಕೇಳೋದು ಬೇಕಾದಷ್ಟಿದೆ. ಇವನು ಗೊರಕೆ ಹೊಡೆಯೋದು ನಿಂತಿದೆಯಾ?”

“ಇಲ್ಲ.”

“ನನಗೆ ಗೊತ್ತಿತ್ತು.”

ಹಲ್ಲುಗಾರ ಕರವಸ್ತ್ರದ ಗಂಟನ್ನು ತನ್ನ ಕಡೆಗೆ ಎಳೆದುಕೊಂಡ. “ನಾಳೆ ಬೆಳಿಗ್ಗೆನೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೀನಿ ಅತ್ತೆ. ಅವರು ಅಚ್ಚು ತೆಗೀಲಿ, ಮೊದಲಿಂದ ಮಾಡ್ತೀನಿ. ತಪ್ಪು ನನ್ನದೇ.”

“ಯಾರು ಹೇಳಿದ್ದು ನಿನ್ನ ತಪ್ಪು ಅಂತ?” ಅತ್ತೆ ಚಮಚ ಕೆಳಗಿಟ್ಟರು. “ಹಲ್ಲು ಅಚ್ಚುಕಟ್ಟಾಗಿದೆ. ಒಂದು ಕೊರತೆ ಇಲ್ಲ. ನನ್ನ ವಸಡೇ ಸರಿಯಿಲ್ಲ.”

“ನೋಡಿ, ಮತ್ತೆ ಶುರು ಮಾಡಿದ್ರಿ” ಎಂದಳು ಹೆಂಡತಿ. “ತಪ್ಪು ಅವರದ್ದೇ. ಒಂದು ಸಲ ಬಾಯಿಬಿಟ್ಟು ಹೇಳಿಬಿಡಿ ಅತ್ತೆ, ಏನಾಗಲ್ಲ. ನಾನು ಪಕ್ಕದಲ್ಲೇ ಇದ್ದೀನಿ.”

ಅತ್ತೆ ಅಳಿಯನನ್ನು ನೋಡಿದರು. ಬಾಯಿ ತೆರೆದರು. ಮುಚ್ಚಿದರು. ಸೊಸೆಯ ಕಡೆ ತಿರುಗಿದರು.

“ನನ್ನ ಕೈಲಾಗಲ್ಲಮ್ಮ, ನೀನೇ ಹೇಳು” ಎಂದರು. “ಅದಕ್ಕೆ ತಾನೇ ನಿನ್ನನ್ನ ತಂದುಕೊಂಡಿದ್ದು.”

ಹೆಂಡತಿ ಹೇಳಿದಳು. ಹಲ್ಲಿನಿಂದ ಶುರು ಮಾಡಿ ಗೊರಕೆಯವರೆಗೂ ಹೇಳಿದಳು. ಅತ್ತೆ ಒಂದೊಂದು ಮಾತಿಗೂ ತಲೆಯಾಡಿಸುತ್ತ, ಬಿಸಿ ಬಟ್ಟಲಿನಲ್ಲಿ ಬಂದ ಎರಡನೆಯ ಸೂಪನ್ನು ಪೂರ್ತಿ ಕುಡಿದರು.